ಕನಮಡಿಯ ಕಫದ ಡಬ್ಬಿ

ಇವತ್ತು ಬೆಳಿಗ್ಗೆ ತಿಕೋಟಾ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಒಂದು ಕೆಮ್ಮು ಕೇಳಿಸಿತು. ನೀವಾಗಿದ್ದರೆ ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡುತ್ತಿದ್ದಿರಿ. ನಾನು ಕಿವಿಗೊಟ್ಟು ಕೂತೆ. ಒಣ ಕೆಮ್ಮೋ, ಕಫದ ಕೆಮ್ಮೋ, ಎಷ್ಟು ವಾರದ್ದೋ? ಕೆಲವರಿಗೆ ಕಲ್ಲಂಗಡಿ ಬಡಿದು ಹಣ್ಣೋ ಕಾಯೋ ಹೇಳಲು ಬರುತ್ತದೆ. ನನಗೆ ಒಲಿದ ವಿದ್ಯೆ ಇದು. ತಿರುಗಿ ನೋಡಿದರೆ ಒಬ್ಬ ಹಿರಿಯರು ಚುರುಮುರಿ ಗಂಟಲಿಗೆ ಸಿಕ್ಕು ಒದ್ದಾಡುತ್ತಿದ್ದರು. ನೀರು ಕೊಟ್ಟೆ. ಅವರ ಕೆಮ್ಮು ನಿಂತಿತು, ನನಗೆ ಮಾತ್ರ ಕನಮಡಿಯ ಶಾಂತವ್ವ ನೆನಪಾದಳು.

ಊರೂರು ತಿರುಗಿ ಕ್ಷಯದ ರೋಗಿಗಳನ್ನು ಹುಡುಕಿ, ಗುಳಿಗೆ ಮುಗಿಯುವವರೆಗೆ ಅವರ ಬೆನ್ನು ಬೀಳುವ ಆರೋಗ್ಯ ಕಾರ್ಯಕ್ರಮವೊಂದರಲ್ಲಿ ನಾನಿದ್ದೇನೆ. ಸೇರುವಾಗ ಕಾಗದದಲ್ಲಿ ‘ಪೂರ್ಣಾವಧಿ ಸೇವೆ’ ಎಂದಿತ್ತು. ಪೂರ್ಣ ಎಂದರೆ ಎಷ್ಟು ಎಂದು ಕೇಳುವ ಬುದ್ಧಿ ಆಗ ಇರಲಿಲ್ಲ. ಒಂದು ವಾರ ತಿಕೋಟಾ ಕಡೆ, ಇನ್ನೊಂದು ವಾರ ಬಬಲೇಶ್ವರದ ಕಡೆ. ವಿಜಯಪುರದ ಸೊಲ್ಲಾಪುರ ರಸ್ತೆಯ ನಮ್ಮ ಮನೆಗೆ ಬಂದು ಚಪ್ಪಲಿ ಬಿಟ್ಟರೆ ಅಂಗಾಲು ಉರಿಯುತ್ತದೆ. ಅವ್ವ ಬಿಸಿನೀರು ಕಾಸಿ ಕೊಡುತ್ತಾಳೆ, ಜೊತೆಗೆ ಬೈಗುಳವನ್ನೂ ಕೊಡುತ್ತಾಳೆ. “ಊರ ಉಸಾಬರಿ ಎಲ್ಲಾ ನಿನ್ನ ತಲಿ ಮ್ಯಾಲೇ ಅದ ಏನು?” ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನಮ್ಮ ಕೆಲಸದಲ್ಲಿ ಕೈಗೆ ಕಫದ ಡಬ್ಬಿ, ಬಾಯಿಗೆ ಮಾಸ್ಕು.

ಶಾಂತವ್ವನನ್ನು ಕಂಡದ್ದು ನನ್ನ ಮೊದಲ ವರ್ಷದಲ್ಲಿ. ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುವ ಹೆಂಗಸು. ನಾನು ಹೋದಾಗ ಅಂಗಳದಲ್ಲಿ ಆಡುಗಳ ಪಕ್ಕ ಕೂತು ಕೆಮ್ಮುತ್ತಿದ್ದಳು. ಒಳಗೆ ತೊಟ್ಟಿಲು ತೂಗುವ ಸದ್ದು. ಮಗಳು ಸುನಂದಾ ಬಾಣಂತನಕ್ಕೆ ಬಂದಿದ್ದಳು. ಕೂಸಿಗೆ ಇನ್ನೂ ಎರಡು ತಿಂಗಳು. ಯಾರೂ ಹೇಳದಿದ್ದರೂ ಶಾಂತವ್ವ ತಾನಾಗಿಯೇ ಹೊರಗೆ ಉಳಿದಿದ್ದಳು.

“ಈ ಕೆಮ್ಮ ಏನರೆ ಕೆಟ್ಟದ್ದಿದ್ರ ಕೂಸಿಗೆ ಹತ್ತತೈತಿ ಅಲ್ಲೇನ್ರಿ ಬಾಯಾರ?” ಎಂದು ಕೇಳಿದಳು.

“ಹತ್ತಬಹುದ್ರಿ ಯವ್ವಾ. ತಪಾಸಣಿ ಆಗೋತನಕ ಎತ್ಕೋಬ್ಯಾಡ್ರಿ,” ಎಂದೆ.

ಡಬ್ಬಿ ಕೊಟ್ಟು ಪಾಠ ಒಪ್ಪಿಸಿದೆ. ಬೆಳಿಗ್ಗೆ ಎದ್ದ ಕೂಡಲೇ, ಎದೆಯಾಳದಿಂದ ಕೆಮ್ಮಿ ದಪ್ಪ ಕಫ ತೆಗೆಯಬೇಕು. ಉಗುಳು ನಡೆಯುವುದಿಲ್ಲ. ಉಗುಳಿನಲ್ಲಿ ರೋಗ ಅಡಗಿ ಕೂತುಬಿಡುತ್ತದೆ, ಲ್ಯಾಬಿನವರು ‘ಏನೂ ಇಲ್ಲ’ ಎಂದು ಬರೆಯುತ್ತಾರೆ. ಈ ಮಾತನ್ನು ದಿನಕ್ಕೆ ಎಷ್ಟು ಸಲ ಹೇಳುತ್ತೇನೆಂದರೆ, ನಿದ್ದೆಯಲ್ಲೂ ಹೇಳುತ್ತೇನೆಂದು ಅವ್ವನ ದೂರು.

ಮರುದಿನ ಹೋದಾಗ ಡಬ್ಬಿ ಜಗಲಿಯ ಮೇಲಿತ್ತು. ಬೆಳಕಿಗೆ ಹಿಡಿದೆ. ನೀರಿನಂತೆ ತೆಳ್ಳಗೆ, ಮೇಲೊಂದಿಷ್ಟು ನೊರೆ. ಉಗುಳು. ಅದು ಉಗುಳು ಎಂದು ನನಗೆ ಚೆನ್ನಾಗಿ ಗೊತ್ತಾಯಿತು, ಇಲ್ಲಿ ನಿಮ್ಮ ಮುಂದೆ ನೆಪ ಹೇಳುವುದಿಲ್ಲ. ಡಬ್ಬಿಗಳನ್ನು ತಿಕೋಟಾಕ್ಕೆ ಒಯ್ಯುವ ಜೀಪು ಹಾರ್ನ್ ಹೊಡೆಯುತ್ತಿತ್ತು. ಆ ವಾರ ಕನಮಡಿಗೆ ಅದು ನನ್ನ ನಾಲ್ಕನೆಯ ಸುತ್ತು. ಮರಳಿಸಿದರೆ ನಾಳೆ ಐದನೆಯದು.

“ಇದು ಕಫ ಹೌದಲ್ರಿ ಯವ್ವಾ?”

“ಹೌದು, ತಗೋ,” ಎಂದಳು ಶಾಂತವ್ವ, ಆಡಿನ ಕಡೆ ನೋಡುತ್ತ.

ಹೆಸರು ಬರೆದು ಪೆಟ್ಟಿಗೆಗೆ ಹಾಕಿದೆ.

ಏನೂ ಇಲ್ಲ ಎಂದು ವರದಿ ಬಂತು. ನಾನೇ ಹೋಗಿ ಹೇಳಿದೆ. ಶಾಂತವ್ವ ಎದ್ದು ಕೈಕಾಲು ತೊಳೆದು ಒಳಗೆ ಹೋದವಳು ಕೂಸನ್ನು ಎತ್ತಿ ಎದೆಗೊತ್ತಿಕೊಂಡಳು. ಅದರ ನೆತ್ತಿ ಮೂಸಿದಳು. ಸುನಂದಾ ನನಗೆ ಸಕ್ಕರೆ ಹೆಚ್ಚು ಹಾಕಿ ಚಹಾ ಕೊಟ್ಟಳು. ನಾನು ಅದನ್ನು ಕುಡಿದೆ.

ಎರಡು ತಿಂಗಳ ನಂತರ ಹೋದಾಗ ಶಾಂತವ್ವನ ಕುಪ್ಪಸ ಮೈಮೇಲೆ ಜೋಲುತ್ತಿತ್ತು. ಕೆಮ್ಮು ಮೊದಲಿನದೇ, ಇನ್ನೂ ಆಳಕ್ಕೆ ಇಳಿದಿತ್ತು. ಕೂಸು ಅವಳ ತೊಡೆಯ ಮೇಲೆ ನಿದ್ದೆಯಲ್ಲಿತ್ತು. ಮರುದಿನ ನಸುಕಿನಲ್ಲೇ ಹೋಗಿ ಎದುರಿಗೆ ಕೂತು ಕಫ ತೆಗೆಸಿದೆ. ಕ್ಷಯ ಇತ್ತು.

ಕೂಸನ್ನು ಜಿಲ್ಲೆಯ ದವಾಖಾನೆಗೆ ಕರೆದೊಯ್ದೆವು. ಎದೆಯ ಫೋಟೊ ತೆಗೆಯುವಾಗ ಅದು ಕಿರುಚಿದ್ದು ಈಗಲೂ ಕಿವಿಯಲ್ಲಿದೆ. ರೋಗ ಹತ್ತಿಲ್ಲ, ಆದರೆ ಹತ್ತದಂತೆ ಆರು ತಿಂಗಳು ಗುಳಿಗೆ ಕೊಡಬೇಕು ಎಂದರು. ಸುನಂದಾ ದಿನಾ ಗುಳಿಗೆ ಅರೆದು ಕುಡಿಸಿದಳು, ಕೂಸು ದಿನಾ ಅತ್ತಿತು. ನಾನು ವಾರಕ್ಕೊಮ್ಮೆ ಹೋಗಿ ಇಬ್ಬರ ಗುಳಿಗೆಯನ್ನೂ ನೋಡಿ ಬರುತ್ತಿದ್ದೆ. “ಮೊದಲನೆ ಸಲ ಲ್ಯಾಬಿನ ಮಷಿನ್ ತಪ್ಪ ಮಾಡಿರಬೇಕ್ರಿ,” ಎಂದು ಸುನಂದಾ ನನಗೇ ಸಮಾಧಾನ ಹೇಳುತ್ತಿದ್ದಳು. ನಾನು ತಲೆ ಆಡಿಸುತ್ತಿದ್ದೆ. ಅಷ್ಟು ನಾಚಿಕೆ ನನಗೆ ಬೇರೆ ಯಾವಾಗಲೂ ಆಗಿಲ್ಲ.

ಶಾಂತವ್ವನ ಕೊನೆಯ ಗುಳಿಗೆಯ ದಿನ ತಡೆಯಲಾಗದೆ ಹೇಳಿಬಿಟ್ಟೆ. “ಯವ್ವಾ, ಮಷಿನ್ ತಪ್ಪ ಅಲ್ರಿ. ಮೊದಲನೆ ಡಬ್ಬ್ಯಾಗ ಇದ್ದದ್ದು ಉಗುಳು. ಗೊತ್ತಿದ್ದೂ ತಗೊಂಡ್ನಿ.”

ಶಾಂತವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಉಗಳಿದಾಕಿಗೆ ಗೊತ್ತಿರಂಗಿಲ್ಲೇನ ತಂಗಿ? ಕಫ ಕೊಟ್ರ ವರದ್ಯಾಗ ರೋಗ ಬರತೈತಿ ಅಂತ ಬೇಕಂತನೇ ಉಗಳಿದ್ನಿ. ಕೂಸಿನ್ನ ಎತ್ಕೋಬೇಕಾಗಿತ್ತು ನನಗ. ನೀ ಇನ್ನೊಮ್ಮಿ ಕೇಳಿದ್ರ ಕೊಡಾಕಿ ಇದ್ನಿ. ನೀ ಕೇಳ್ಲಿಲ್ಲ.”

ಅವಳು ಬೈದಿದ್ದರೆ ಹಗುರವಾಗುತ್ತಿತ್ತೇನೋ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸಿನಲ್ಲಿ ಕೂತು ವಿಜಯಪುರದವರೆಗೆ ಅತ್ತೆ.

ಇಷ್ಟು ವರ್ಷಗಳಾದವು. ಪುಣ್ಯಕ್ಕೆ ಕೂಸು ಚೆನ್ನಾಗಿದೆ, ಶಾಂತವ್ವ ಮತ್ತೆ ತೋಟಕ್ಕೆ ಹೋಗುತ್ತಾಳೆ. ನನ್ನ ದಣಿವೂ ಹಾಗೇ ಇದೆ. ಕೆಲಸ ಬಿಡುತ್ತೇನೆಂದು ತಿಂಗಳಿಗೊಮ್ಮೆ ಹೇಳುತ್ತೇನೆ, ಅವ್ವ ಈಗೀಗ ನಂಬುವುದಿಲ್ಲ.

ಇವತ್ತು ಮಧ್ಯಾಹ್ನ ಬಿಜ್ಜರಗಿಯಲ್ಲಿ ಕುರಿ ಕಾಯುವ ಹಿರಿಯರೊಬ್ಬರು ಡಬ್ಬಿ ಕೊಟ್ಟರು. ಬರೀ ಉಗುಳು. ಬಸ್ಸಿಗೆ ಹೊತ್ತಾಗಿತ್ತು. ಇನ್ನೊಮ್ಮೆ ಎಂದೆ. “ಎಷ್ಟ ಸಲ ಉಗಳ್ಲಿ ಬೇ ತಂಗಿ?” ಎಂದು ರೇಗಿದರು. ಕಟ್ಟೆಯ ಮೇಲೆ ಅವರ ಪಕ್ಕ ಕೂತೆ. ಬಸ್ಸು ಹೋಯಿತು. ಅದನ್ನು ಅವರೂ ನೋಡಿದರು.

ಸ್ವಲ್ಪ ಹೊತ್ತಿಗೆ, ಒಳಗಿದ್ದ ಹೆಂಡತಿಗೆ ಕೇಳದಂತೆ, “ಅದರಾಗ ಏನರೆ ಬಂದ್ರ?” ಎಂದರು.

“ಬಂದ್ರ ನಾನೂ ಬರ್ತೀನ್ರಿ. ಗುಳಿಗಿ ಮುಗಿಯೋತನಕ,” ಎಂದೆ. ಹೇಳುವಾಗ ಕಾಲು ಜೋರಾಗಿ ನೋಯುತ್ತಿತ್ತು.

ಅವರು ಹೊಸ ಡಬ್ಬಿಗೆ ಕೈ ಚಾಚಿದರು.