ಅಂಚಿನ ಮೇಲಿನ ಹೆಸರು

ಅಕ್ಕೋರ ಬಲಗಣ್ಣಿನ ಸುತ್ತ ಗುಂಡಗಿನ ಗುರುತೊಂದು ಸದಾ ಇರುತ್ತಿತ್ತು. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನು ದಿನವೂ ತಾಸುಗಟ್ಟಲೆ ಹಾಕಿ ಹಾಕಿ ಬಿದ್ದ ಗುರುತು ಅದು. ಮೊದಲ ಸಲ ನೋಡಿದಾಗ, ಪಾಪ, ಯಾರೋ ಹೊಡೆದಿದ್ದಾರೆ ಅಂದುಕೊಂಡಿದ್ದೆ. ಹೊಡೆಯಲಿಕ್ಕಾದರೂ ಅವರ ಮನೆಯಲ್ಲಿ ಇನ್ನೊಬ್ಬರು ಇರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ನಾನು ಮದುವೆಯಾಗಿ ಇಂಡಿ ಕಡೆಯಿಂದ ವಾಸ್ಕೋದ ಮಂಗೋರ್ ಹಿಲ್‌ಗೆ ಬಂದ ಹೊಸತು. ಯಜಮಾನರು ಹಡಗು ರಿಪೇರಿಯ ಯಾರ್ಡಿಗೆ ಹೋದರೆ ದಿನವಿಡೀ ನಾನೊಬ್ಬಳೇ. ನಮಗೂ ಅಕ್ಕೋರಿಗೂ ನಡುಗೋಡೆ ಒಂದೇ. ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾಗಿದ್ದರು, ಮದುವೆಯಾಗಿರಲಿಲ್ಲ. ಹಾಲಿನವನನ್ನೂ ಪೋಸ್ಟಿನವನನ್ನೂ ಬಿಟ್ಟರೆ ಅವರ ಬಾಗಿಲಿಗೆ ಯಾರೂ ಬಂದದ್ದು ನಾನು ಕಾಣೆ. ದೀಪಾವಳಿಯ ದಿನ ಹೊಸ ಸೀರೆ ಉಟ್ಟು, ಹೊಸ್ತಿಲ ಒಳಗೆ ಕುರ್ಚಿ ಹಾಕಿ, ಒಂದು ತಾಟು ಕರದಂಟು ಇಟ್ಟುಕೊಂಡು ಸಂಜೆಯವರೆಗೆ ಕೂತಿದ್ದರು. ತಾಟು ಹಾಗೇ ಇತ್ತು. ಆ ಸಂಜೆ ನಾನಾಗಿಯೇ ಒಳಗೆ ಹೋದೆ.

ಗೋಡೆಗೆ ಒರಗಿಸಿದ ಹಲಗೆಯ ಮೇಲೆ, ಮಾಸಿದ ರಿಬ್ಬನ್ನುಗಳಲ್ಲಿ ಸಾಲಾಗಿ ಪದಕಗಳು ತೂಗುತ್ತಿದ್ದವು. ಬ್ರಿಟಿಷರ ಕಾಲದ ಮಿಲಿಟರಿ ಪದಕಗಳು. ಕೆಲವು ಕಪ್ಪಿಟ್ಟಿದ್ದವು. ಉಪಕಾರ ಮಾಡೋಣವೆಂದು ಮರುದಿನ ಹುಣಸೆಹಣ್ಣು ತಂದು ಒಂದನ್ನು ಕೈಗೆ ತೆಗೆದುಕೊಂಡೆ.

"ಉಜ್ಜಬ್ಯಾಡ!" ಎಂದು ತರಗತಿಯಲ್ಲಿ ಕೂಗಿದಂತೆ ಕೂಗಿದರು. ಆಮೇಲೆ ಮೆತ್ತಗೆ, "ಕಪ್ಪು ಹೊಲಸಲ್ಲ ತಂಗಿ. ಉಜ್ಜಿದ್ರ ಹೆಸರು ಸವೀತದ" ಎಂದರು.

ಪದಕವನ್ನು ಅಡ್ಡ ಹಿಡಿದು ಭೂತಗನ್ನಡಿ ಕೊಟ್ಟರು. ಒಂದು ಬದಿಗೆ ರಾಜನ ತಲೆ, ಇನ್ನೊಂದು ಬದಿಗೆ ಕುದುರೆ ಸವಾರ. ಅವರಿಗೆ ಬೇಕಾದದ್ದು ಇವೆರಡೂ ಅಲ್ಲ. ದಪ್ಪ ಅಂಚಿನ ಸುತ್ತ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಸಿಪಾಯಿಯ ನಂಬರು, ಹೆಸರು, ಪಲ್ಟನ್ನು ಕೊರೆದಿದ್ದವು.

ಅವರ ಅಜ್ಜ ಬೆಳಗಾವಿಯಲ್ಲಿ ಪಲ್ಟನ್ನಿಗೆ ಸೇರಿ, ಮೊದಲ ಮಹಾಯುದ್ಧದಲ್ಲಿ ಬಸ್ರಾಕ್ಕೆ ಹೋದವರು ತಿರುಗಿ ಬರಲಿಲ್ಲ. ಹೆಣವಿಲ್ಲ, ಫೋಟೋ ಇಲ್ಲ. ಬಂದದ್ದು ಬೆಳ್ಳಿಯ ಪದಕವೊಂದೇ. ಮನೆಯಲ್ಲಿ ಇಂಗ್ಲಿಷ್ ಓದುವವರಿರಲಿಲ್ಲ. ಅಕ್ಕೋರು ಹುಟ್ಟಿದಾಗ ಅಜ್ಜಿ ಪ್ರೀತಿಯಿಂದ ಅದನ್ನೇ ಕರಗಿಸಿ ಮೊಮ್ಮಗಳ ಕಾಲಿಗೆ ಗೆಜ್ಜೆ ಮಾಡಿಸಿದ್ದರು.

"ನಾ ಅಜ್ಜನ ಹೆಸರು ಕಾಲಾಗ ಕಟ್ಕೊಂಡು ಅಂಗಳದಾಗ ಕುಣಿದೀನಿ ತಂಗಿ" ಎಂದರು. "ಆ ಗೆಜ್ಜಿನೂ ಕಳದಹೋತು."

ಅಜ್ಜನ ಬಗ್ಗೆ ಕೇಳಿ ಎಷ್ಟೋ ಕಚೇರಿಗಳಿಗೆ ಬರೆದಿದ್ದರು. ನಂಬರು ತಿಳಿಸಿ ಎಂದು ಉತ್ತರ ಬರುತ್ತಿತ್ತು. ನಂಬರು ಇದ್ದದ್ದು ಆ ಅಂಚಿನ ಮೇಲೆ ಮಾತ್ರ.

ಇನ್ನೊಬ್ಬರ ಅಜ್ಜನ ಹೆಸರೂ ಹಾಗೆ ಕರಗಿಹೋಗಬಾರದೆಂದು ಹೆಸರಿದ್ದ ಹಳೇ ಪದಕಗಳನ್ನು ಹುಡುಕಿ ಕೊಳ್ಳುತ್ತಿದ್ದರು. ಅಂದಿನಿಂದ ನಾನೂ ಅವರ ಜೊತೆ ಬುಧವಾರ ಅಂಜುನಾದ ಸಂತೆಗೆ ಹೋಗತೊಡಗಿದೆ. ಮೂರು ಬಸ್ಸು ಬದಲಿಸಬೇಕು. ಪ್ರವಾಸಿಗರಿಗಾಗಿ ಹೊಸದಾಗಿ ಎರಕ ಹೊಯ್ದ ನಕಲು ಪದಕಗಳು ಅಲ್ಲಿ ರಾಶಿಗಟ್ಟಲೆ. ಅಕ್ಕೋರು ಅಂಚನ್ನು ಉಗುರಿನಿಂದ ಸವರಿ ಬರಿದಾಗಿದ್ದರೆ ಇಟ್ಟುಬಿಡುವರು. ಒಂದೇ ಒಂದು ಸಲ ನಕಲೊಂದನ್ನು ಕೊಂಡರು, ಅಜ್ಜನದು ಅಂಥದ್ದೇ ಇದ್ದಿರಬೇಕೆಂದು. ಪೇಟೆಯಲ್ಲಿ ಅಜ್ಜನ ಹೆಸರು ಕೊರೆಸೋಣವೇನ್ರಿ ಎಂದು ನಾನು ಕೇಳಿದ್ದಕ್ಕೆ ತಲೆ ಅಲ್ಲಾಡಿಸಿದರು.

"ಪಲ್ಟನ್ನಿನವರು ಹೆಂಗ ಬರದಿದ್ರೋ ಗೊತ್ತಿಲ್ಲ. ಅಂದಾಜಿಲೆ ಕೊರಸಿದ್ರ ಅದು ಬ್ಯಾರೆ ಯಾರದೋ ಆಗ್ತದ."

ಒಮ್ಮೆ ಅದೇ ಸಂತೆಯಲ್ಲಿ ಹಳೇ ಟ್ರಂಕೊಂದರ ತಳದಲ್ಲಿ ಯಾರೋ ಸಿಪಾಯಿಯ ಪದಕವೂ, ಅದರ ಅಂಚಿನ ಹೆಸರೇ ಇದ್ದ ಪಲ್ಟನ್ನಿನ ಬಿಡುಗಡೆ ಕಾಗದವೂ ಒಟ್ಟಿಗೆ ಸಿಕ್ಕವು. ಕಾಗದದಲ್ಲಿ ಊರಿತ್ತು, ಗೋಕಾಕದ ಆಚೆಯ ಒಂದು ಹಳ್ಳಿ. ಅಕ್ಕೋರು ವಾರವಿಡೀ ಸರಿಯಾಗಿ ಉಣ್ಣಲಿಲ್ಲ. ಆ ಊರಿನ ಶಾಲೆಗೆ ಕಾಗದ ಬರೆದು, ಮನೆತನ ಇದೆ ಎಂದು ಉತ್ತರ ಬಂದ ಮೇಲೆ ನನ್ನನ್ನು ಕರೆದುಕೊಂಡು ಹೊರಟರು.

ಆ ಸಿಪಾಯಿಯ ಮೊಮ್ಮಗಳು ಬದುಕಿದ್ದಳು. ಅಕ್ಕೋರಿಗಿಂತ ಹಿರಿಯಳು. ಮನೆ ಪಾಲಾದಾಗ ಟ್ರಂಕು ಯಾರದೋ ಕೈ ಸೇರಿತ್ತಂತೆ. ಅಕ್ಕೋರು ಅಂಚಿನ ಹೆಸರನ್ನು ಓದಿ ಹೇಳಿದರು. ಮುದುಕಿ ಪದಕವನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಎದ್ದು ಬಚ್ಚಲಿಗೆ ಹೋದಳು. ಬೂದಿ ಹಚ್ಚಿ ಗಸಗಸ ಉಜ್ಜತೊಡಗಿದಳು.

ನಾನು ಗಾಬರಿಯಿಂದ ಅಕ್ಕೋರ ಮುಖ ನೋಡಿದೆ. ಅವರು ಕದಲಲಿಲ್ಲ. ಮುದುಕಿ ಅದಕ್ಕೆ ನೀರು ಹಾಕಿ, ಸೆರಗಿನಿಂದ ಒರೆಸಿ, ಕುಂಕುಮ ಹಚ್ಚಿ ದೇವರ ಜಗಲಿಯ ಮೇಲೆ ಮೂರ್ತಿಗಳ ಪಕ್ಕ ಇಟ್ಟಳು.

"ಭಾಳ ದೂರದಿಂದ ನಡದು ಬಂದಾನ್ರಿ ನಮ್ಮಜ್ಜ" ಎಂದಳು. "ಮೈತುಂಬ ಧೂಳು."

ಬಸ್ಸಿನಲ್ಲಿ ತಡೆಯಲಾರದೆ ಕೇಳಿದೆ, "ಯಾಕ ಬ್ಯಾಡ ಅನಲಿಲ್ರಿ ಅಕ್ಕೋರ?"

"ಅವರ ಮನಿ ಮನಶಾ. ಅವರು ನೀರ ಎರೀತಾರ" ಎಂದರು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿ, "ನಂಗ ಎರ್ಯಾಕ ಯಾರೂ ಸಿಗಲಿಲ್ಲ ನೋಡು" ಎಂದರು. ಅವರು ಅಳುತ್ತಿದ್ದರೋ ಇಲ್ಲವೋ, ನಾನು ನೋಡಲು ಹೋಗಲಿಲ್ಲ. ಕೈ ಹಿಡಿದುಕೊಳ್ಳಬೇಕಿತ್ತು ಅಂತ ಈಗ ಅನಿಸುತ್ತದೆ.

ಅದಾದ ಮೇಲೆ ಅವರು ಸಂತೆಗೆ ಹೋಗುವುದು ಕಡಿಮೆಯಾಯಿತು. ಬಸ್ಸು ಹತ್ತುವಾಗ ಏದುಸಿರು ಬರುತ್ತಿತ್ತು. ಹೋದ ವರ್ಷ ಒಂದು ಬೆಳಿಗ್ಗೆ ಹಾಲಿನವನು ಕೂಗಿ ಕೂಗಿ ನನ್ನ ಬಾಗಿಲು ಬಡಿದ. ಅಕ್ಕೋರು ಕುರ್ಚಿಯಲ್ಲಿ ಕೂತ ಹಾಗೇ ಹೋಗಿಬಿಟ್ಟಿದ್ದರು.

ಮರಣ ದಾಖಲೆ ಮಾಡಿಸಲು ಮುನ್ಸಿಪಾಲಿಟಿಗೆ ಹೋಗಲು ಬೇರೆ ಯಾರೂ ಇರಲಿಲ್ಲ. ಕ್ಲಾರ್ಕು ಹಿಂದಿಯಲ್ಲಿ, ಸತ್ತವರಿಗೆ ನೀವು ಏನಾಗಬೇಕು ಎಂದು ಕೇಳಿದ. ಪಕ್ಕದ ಮನೆಯವಳು ಎಂದೆ. ಅದನ್ನು ಸಂಬಂಧ ಅನ್ನುವುದಿಲ್ಲ ಎಂದ. ಹಾಗಾದರೆ ಶಿಷ್ಯೆ ಎಂದು ಬರೆಯಿರಿ ಎಂದೆ. ಅದು ಸುಳ್ಳಲ್ಲ. ಏಳನೆಯ ತರಗತಿಗೇ ಶಾಲೆ ಬಿಟ್ಟಿದ್ದ ನನಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದುವುದು ಬಂದದ್ದು ಆ ಪದಕಗಳ ಅಂಚಿನ ಮೇಲೆ, ಒಂದೊಂದೇ ಸಿಪಾಯಿಯ ಹೆಸರಿನಿಂದ. ಅವರು ಬೆರಳಿಟ್ಟು ತೋರಿಸುವರು, ನಾನು ತಡವರಿಸಿ ಓದುವೆ, ತಪ್ಪಿದರೆ ನಗುವರು.

ಶಿಷ್ಯೆ ಎಂಬುದಕ್ಕೂ ಅವನ ಕಾಗದದಲ್ಲಿ ಜಾಗವಿರಲಿಲ್ಲ. ಅಲ್ಲಿ ಒಂದು ಗೆರೆ ಎಳೆದು, ಸಹಿ ಹಾಕಿ ಎಂದು ಪೆನ್ನು ಚಾಚಿದ. ನಾನು ಇಂಗ್ಲಿಷಿನಲ್ಲಿ, ಯಾರು ಓದಿದರೂ ತಿಳಿಯುವಂತೆ, ನನ್ನ ಪೂರ್ತಿ ಹೆಸರು ಬರೆದೆ.