ಹೋದ ತಿಂಗಳಿನ ಕಪ್ತಾನ

ಬದಿಯಡ್ಕದ ಕುಂಞಣ್ಣನಿಗೆ ಸಿನಿಮಾ ಎಂದರೆ ಒಂದೇ ಬಗೆಯದ್ದು ಆಗಬೇಕು: ಹಳೇ ಕಾದಂಬರಿಗಳ ಕಪ್ತಾನರು, ಪತ್ತೇದಾರರು, ಮಾಟಗಾತಿಯರು ತಂತಮ್ಮ ಪುಸ್ತಕ ಬಿಟ್ಟು ಬಂದು ಒಂದೇ ಹಡಗು ಹತ್ತಬೇಕು. ಕಥೆಗೆ ತಲೆಬುಡ ಬೇಡ, ಸಮುದ್ರಕ್ಕೆ ಬೆಂಕಿ ಬಿದ್ದರೂ ಅಡ್ಡಿಯಿಲ್ಲ. ಮಧ್ಯಾಹ್ನ ಗಂಜಿ ಉಂಡು ಟೀವಿ ಮುಂದೆ ಕೂತವನು, ಒಬ್ಬೊಬ್ಬರು ಬಂದಾಗಲೂ "ಓ, ಇವ ನಮ್ಮವನೇ" ಎಂದು ನೆಂಟರನ್ನು ಕಂಡಂತೆ ನೆಟ್ಟಗಾಗುತ್ತಾನೆ. ಮೊಮ್ಮಗಳು ಮೋಕ್ಷಿತಾ "ಇದೆಲ್ಲ ಬರೀ ಸುಳ್ಳು ಅಜ್ಜ" ಎಂದರೆ, "ಸುಳ್ಳಾದರೆ ಎಂತ, ಒಬ್ಬರಿಗೊಬ್ಬರು ಆಗ್ತಾರಲ್ಲ" ಎನ್ನುತ್ತಾನೆ. ಅವರೆಲ್ಲ ನಿಜಕ್ಕೂ ಅವನವರೇ. ಇಪ್ಪತ್ತು ವರ್ಷ ಅವನು ಬೀಡಿ ಶೆಡ್ಡಿನಲ್ಲಿ, ಬೀಡಿ ಕಟ್ಟುವವರಿಗೆ ಬೇಸರವಾಗದಿರಲೆಂದು, ಗಟ್ಟಿಯಾಗಿ ಕಾದಂಬರಿ ಓದುತ್ತಿದ್ದವನು. ಒಮ್ಮೆ ಒಂದು ಪುಸ್ತಕದ ಹುಡುಗಿ ದ್ವೀಪದಲ್ಲಿ ಸಿಕ್ಕಿಬಿದ್ದಾಗ, ಎಲೆ ಕತ್ತರಿಸುತ್ತಿದ್ದ ದಮಯಂತಿ ಕತ್ತರಿ ಕೆಳಗಿಟ್ಟು, "ಹೋದ ತಿಂಗಳು ಓದಿದ ಆ ಕಪ್ತಾನನನ್ನು ಕರೀರಿ, ಅವನ ಹತ್ತಿರ ಹಡಗು ಉಂಟಲ್ಲ" ಎಂದಿದ್ದಳು. ಶೆಡ್ಡಿಗೆ ಶೆಡ್ಡೇ ನಕ್ಕಿತ್ತು. "ಅದು ಬೇರೆ ಪುಸ್ತಕ ಮಾರಾಯ್ತಿ" ಎಂದು ಕುಂಞಣ್ಣ ಮುಂದೆ ಓದಿದ. ಹುಡುಗಿ ಸತ್ತಳು. ದಮಯಂತಿ ಅವತ್ತು ಬುತ್ತಿ ಬಿಚ್ಚಲೇ ಇಲ್ಲ. ಅವಳನ್ನೇ ಮದುವೆಯಾಗಿ ನಲವತ್ತು ವರ್ಷ ಕಳೆದರೂ ಆ ಬುತ್ತಿ ಅವನ ಕಣ್ಣಿಂದ ಹೋಗಿರಲಿಲ್ಲ. ಈಗ ಟೀವಿಯಲ್ಲಿ ಬೇರೆ ಪುಸ್ತಕದ ಹಡಗು ಬಂದು ಯಾರನ್ನಾದರೂ ಎತ್ತಿಕೊಂಡಾಗಲೆಲ್ಲ ಸಿನಿಮಾ ನಿಲ್ಲಿಸಿ, ಅದನ್ನು ಮಾಡಿದ ಪುಣ್ಯಾತ್ಮರಿಗೆ ಕೂತಲ್ಲಿಂದಲೇ ಕೈಮುಗಿದು, ಶೆಡ್ಡಿನ ಆ ಹಳೇ ಗಂಟಲಿನಲ್ಲಿ ಅಡುಗೆಮನೆಗೆ ಕೇಳುವ ಹಾಗೆ "ದಮಯಂತೀ, ಹಡಗು ಬಂತು" ಎನ್ನುತ್ತಾನೆ. ಅವಳು ಸೆರಗಿಗೆ ಕೈ ಒರೆಸುತ್ತ ಬಂದು ನಿಂತು, ಅವನು ಮತ್ತೆ ಓಡಿಸಿದ್ದನ್ನು ಮುಗಿಯುವವರೆಗೆ ನೋಡಿ, "ಅಂತೂ ಆ ಕಪ್ತಾನನನ್ನು ಕರೆದಿರಲ್ಲ" ಎನ್ನುತ್ತಾಳೆ.