ಆಮೆ ಎಷ್ಟು ತಿರುಗಬೇಕು?

ಬನ್ನಿ ಮಹಾಜನರೇ, ಮುಂದೆ ಬಂದು ಕುಳಿತುಕೊಳ್ಳಿ, ಹಿಂದೆ ನಿಂತವರಿಗೂ ಕೇಳುವ ಹಾಗೆ ಹೇಳುತ್ತೇನೆ! ಇವತ್ತು ನಾನು ಸೀತಾಂಗೋಳಿ ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿದ್ದಾಗ ಕರೆಂಟು ಹೋಗಿ ಯುಪಿಎಸ್ ಪೀಂ ಪೀಂ ಎಂದು ಕೂಗಿತು. ನನಗೆ ಚಿಕ್ಕಂದಿನ ಒಂದು ದಿನ ನೆನಪಾಯಿತು.

ಶಾಲೆಯ ಕಂಪ್ಯೂಟರ್ ಪರೀಕ್ಷೆಯ ದಿನ ಕೇಳಿದ್ದೂ ಇದೇ ಕೂಗು. ಪರದೆಯ ಮೇಲಿನ ಪುಟ್ಟ ಆಮೆಗೆ ಅಪ್ಪಣೆ ಬರೆದು ಮೂರೂ ಬದಿ ಸಮನಾದ ತ್ರಿಕೋನ ಎಳೆಸಬೇಕಿತ್ತು. ಊರಿನ ನಾಟಕ ಆಡಿಸುತ್ತಿದ್ದ ಅಪ್ಪ ಬೆಳಿಗ್ಗೆಯೇ ಹೇಳಿದ್ದರು: "ಇದರಲ್ಲಿ ಫೇಲಾದರೆ ಈ ವರ್ಷ ನಿನಗೆ ವೇಷ ಇಲ್ಲ."

ತ್ರಿಕೋನದ ಮೂಲೆ ಅರುವತ್ತು ಡಿಗ್ರಿ ತಾನೇ? ಅರುವತ್ತು ತಿರುಗು ಎಂದು ಬರೆದೆ. ಆಮೆ ಬಾಯಿ ತೆರೆದ ಬಾಣಲೆಯೊಂದನ್ನು ಎಳೆದು ದೂರ ಹೋಗಿ ನಿಂತಿತು. ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ಸಿನ ಬ್ಯಾಟರಿ ಆರುವ ಮೊದಲು ಮುಗಿಸಬೇಕು.

"ಗೊತ್ತಾಗದಿದ್ದರೆ ನಡೆದು ನೋಡು" ಎನ್ನುವುದು ರಂಗದ ಮೇಲೆ ಅಪ್ಪನ ಪಾಠ. ಎದ್ದವನೇ ಡೆಸ್ಕುಗಳ ನಡುವೆ ತ್ರಿಕೋನ ನಡೆದೆ.

"ಎಂತ ಮಾರಾಯ, ಇದು ಪರೀಕ್ಷೆಯೋ ನಾಟಕವೋ?" ಎಂದರು ಪರೀಕ್ಷೆ ಮಾಡಲು ಬಂದಿದ್ದ ಮಾಷ್ಟ್ರು.

ಮೂಲೆಯಲ್ಲಿ ನನ್ನ ಮೈ ಬಂದ ದಾರಿಯತ್ತಲೇ ಹೊರಳುವಷ್ಟು ತಿರುಗಿತ್ತು. ಪೂರ್ತಿ ಹಿಂದೆ ತಿರುಗಿದರೆ ನೂರೆಂಬತ್ತು; ಅದರಲ್ಲಿ ಮೂಲೆಯ ಅರುವತ್ತು ಕಳೆದರೆ ತಿರುಗಬೇಕಾದದ್ದು ಅರುವತ್ತಲ್ಲ, ನೂರಿಪ್ಪತ್ತು! ಓಡಿ ಬಂದು ತಿದ್ದಿದೆ. ಆಮೆ ಹೊರಟಲ್ಲಿಗೇ ಬಂದು ಮುಟ್ಟಿತು. ಮರುಕ್ಷಣ ಪರದೆ ಕಪ್ಪಾಯಿತು.

"ನೋಡಿದಿರಾ ಸರ್?" ಎಂದೆ.

"ಕಂಡೆ. ಆಮೆಯದ್ದೂ ಕಂಡೆ, ನಿನ್ನದೂ ಕಂಡೆ. ಪಾಸು, ಹೋಗು."

ಇವತ್ತು ಅಂಗಡಿಯಿಂದ ಮನೆಗೆ ಬಂದರೆ ಮಗಳು ಲ್ಯಾಪ್‌ಟಾಪಿನಲ್ಲಿ ಅದೇ ಬಾಣಲೆ ಎಳೆದು ಮುಖ ಊದಿಸಿ ಕುಳಿತಿದ್ದಾಳೆ. ಉತ್ತರ ನಾನು ಹೇಳಲಿಲ್ಲ. ನಾಳೆ ಬೆಳಿಗ್ಗೆ ಅವಳನ್ನು ಅಂಗಳಕ್ಕಿಳಿಸಿ ತ್ರಿಕೋನ ನಡೆಸುತ್ತೇನೆ.